ಇಗರ್ಜಿಯ ಓರೆ ಕಿಂಡಿ

ಈ ಕಿಂಡಿಯ ಕತೆಯನ್ನು ನನಗೆ ಮೊದಲು ಹೇಳಿದವರು ಮಾರ್ಗರೆಟ್ ಎಂಬ ಇಂಗ್ಲೆಂಡಿನ ಅಜ್ಜಿ. ಸೂರತ್ತಿನ ಕತಾರ್‌ಗಾಮ್ ಕಡೆಯ ಹಳೆಯ ಇಂಗ್ಲಿಷ್ ಗೋರಿಗಳನ್ನು ನೋಡಿಕೊಂಡು, ಅದೇ ಊರಿನಲ್ಲಿರುವ ನಮ್ಮ ಹೋಟೆಲಿಗೆ ಇಡ್ಲಿ ತಿನ್ನಲು ಬಂದಿದ್ದರು. ತಮ್ಮ ಹಳ್ಳಿಯ ಏಳೆಂಟು ನೂರು ವರ್ಷ ಹಳೆಯ ಕಲ್ಲಿನ ಇಗರ್ಜಿಯನ್ನು, ಅಂದರೆ ಚರ್ಚನ್ನು, ಮೇಜಿನ ಮೇಲೆ ನೀರಿನಲ್ಲಿ ಬರೆದು ತೋರಿಸಿದರು. ಪಶ್ಚಿಮಕ್ಕೆ ಗೋಪುರ, ಪೂರ್ವಕ್ಕೆ ಪೂಜೆಯ ಪೀಠ, ಅದರ ಪಕ್ಕದ ಗೋಡೆಯಲ್ಲಿ ಓರೆಯಾಗಿ ಕೊರೆದ ಒಂದು ಕಿಂಡಿ.

"ಅದು ಯಾಕಮ್ಮಾ?" ಎಂದೆ.

"ಕುಷ್ಠರೋಗಿಗಳು ಒಳಗೆ ಬರುವ ಹಾಗಿರಲಿಲ್ಲವಂತೆ. ಹೊರಗೆ ನಿಂತಾದರೂ ಪೂಜೆ ಕಾಣಲಿ ಅಂತ ಮಾಡಿದ್ದು ಅಂತಾರೆ ನಮ್ಮೂರವರು."

ನನಗೆ ಉಡುಪಿಯ ಕಿಂಡಿ ನೆನಪಾಗಿ ಕೈ ಮುಗಿದೆ. ಜೊತೆಗೆ ನನ್ನ ಹೆಂಡತಿ ಶಾರದೆಯೂ ನೆನಪಾದಳು. ಕಿಡ್ನಿ ಬದಲಿಸಿದ ಮೇಲೆ ಜನ ಸೇರುವಲ್ಲಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಶನಿವಾರ ನಾನು ಭಜನೆಗೆ ಹೊರಟರೆ ಅವಳು ಬಾಗಿಲ ತನಕ ಬಂದು ಅಲ್ಲೇ ನಿಲ್ಲುತ್ತಿದ್ದಳು.

ಆ ಶನಿವಾರ ನಾವು ಭಜನೆಯವರೆಲ್ಲ ಸೇರಿ ಭಜನೆ ಹಾಲ್‌ನ ಹಿಂದಿನ ಕಿಟಕಿಗೆ ಅಡ್ಡವಿದ್ದ ಕಪಾಟು ಸರಿಸಿ, ದೇವರ ಪಟವನ್ನು ತುಸು ಆ ಕಡೆಗೆ ತಿರುಗಿಸಿ, ಹೊರಗೆ ಅವಳಿಗೊಂದು ಕುರ್ಚಿ ಹಾಕಿದೆವು. ಮಂಗಳಾರತಿಯಾದ ಮೇಲೆ ಓಡಿ ಹೋಗಿ, "ಕಂಡಿತಾ?" ಎಂದೆ.

ಅವಳು ಕಣ್ಣೊರೆಸಿಕೊಂಡಳು. "ದೇವರು ಕಂಡ. ನಿಮ್ಮ ಅಪಸ್ವರವೂ ಚೆನ್ನಾಗಿ ಕೇಳ್ತದೆ ಮಾರಾಯ್ರೆ."

ನಿಮ್ಮಲ್ಲೂ ಹೊರಗೇ ಉಳಿದವರು ಯಾರಾದರೂ ಇದ್ದರೆ, ಕಪಾಟು ಸರಿಸಬಲ್ಲವರ ಕಿವಿಗೆ ಈ ಕತೆ ಹಾಕಿ.