ಕ್ಯಾಪ್ಟನ್ ಮೇಡಂ ಹೇಳಿದ ಸುಳ್ಳು

ಕ್ಯಾಪ್ಟನ್ ಮೇಡಂ ಬಲಗೈ ತೋರುಬೆರಳಿನ ಉಗುರನ್ನು ಮಾತ್ರ ಚರ್ಮಕ್ಕೆ ಹತ್ತುವಂತೆ ಕತ್ತರಿಸಿಕೊಳ್ಳುತ್ತಿದ್ದರು. ಉಳಿದ ಒಂಬತ್ತು ಉಗುರುಗಳು ಸೈನ್ಯದ ನಿಯಮ ಬಿಟ್ಟಷ್ಟು ಉದ್ದ, ನೀಟಾಗಿ ಅಂಚು ತೀಡಿದವು. ಸಿಡಿಮದ್ದಿನ ಬಟನ್ ಒತ್ತುವ ಬೆರಳಿಗೆ ಉಗುರು ಅಡ್ಡ ಬರಬಾರದಂತೆ.

ಹೈದರಾಬಾದಿನ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ ಅದು. ನನ್ನ ಜೊತೆ ಓದಿದವರೆಲ್ಲ ಪರದೇಶದ ಬ್ಯಾಂಕುಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದರೆ, ನಾನು ಬೇಗಂಪೇಟೆಯ ಚಿಕ್ಕದೊಂದು ಕಂಪನಿಯಲ್ಲಿ ಯಂತ್ರಕ್ಕೆ ನಡಿಗೆ ಕಲಿಸುತ್ತಿದ್ದೆ. ಸೈನಿಕನ ಬದಲು ಬಾಂಬಿನ ಹತ್ತಿರ ತೆವಳಿಕೊಂಡು ಹೋಗಿ, ಪಕ್ಕದಲ್ಲಿ ಸಿಡಿಮದ್ದು ಇಟ್ಟು ಬರುವ ಯಂತ್ರ. ಆಮೆ ಎಂದು ಕರೆಯುತ್ತಿದ್ದೆವು. ಮುಂದಿನ ಯುದ್ಧಗಳಲ್ಲಿ ಮನುಷ್ಯರೇ ಇರುವುದಿಲ್ಲ ಎಂದು ನಮ್ಮ ಬಾಸ್ ಇಂಗ್ಲಿಷಿನಲ್ಲಿ ಭಾಷಣ ಬಿಗಿದಾಗ, ಮೇಡಂ ಪಕ್ಕದವರಿಗೆ ಮೆಲ್ಲಗೆ ಕನ್ನಡದಲ್ಲಿ ಅಂದರು: “ಯಂತ್ರ ಕಳಿಸೋ ಮನಶ್ಯಾ ಎಲ್ಲಿ ನಿಂದರಬೇಕಂತ ಕೇಳ್ರಿ ಇವರನ್ನ.”

ಆ ಪಕ್ಕದವರೂ ಕ್ಯಾಪ್ಟನ್ನೇ, ಕಲಬುರ್ಗಿ ಕಡೆಯವರು. ಮೇಡಂ ಬೀದರಿನವರು. ಆಮೆಯ ಪರೀಕ್ಷೆಗೆಂದು ಸೈನ್ಯ ಇಬ್ಬರನ್ನೂ ಕಳಿಸಿತ್ತು. ಅವರಿಬ್ಬರ ಮದುವೆ ಎರಡೂ ಮನೆಗಳಲ್ಲಿ ನಿಶ್ಚಯವಾಗಿತ್ತು. ಮೇಲಿನವರಿಗೆ ಗೊತ್ತಾದರೆ ಒಬ್ಬರನ್ನು ಬೇರೆ ಕಡೆ ಹಾಕಿಯಾರೆಂದು ಸುದ್ದಿ ಬಚ್ಚಿಟ್ಟಿದ್ದರು.

ನಮ್ಮದೂ ಕನ್ನಡದ ಮನೆಯೇ. ಅಜ್ಜ ರಾಯಚೂರಿನಿಂದ ಸರಕಾರಿ ನೌಕರಿಗೆ ಬಂದು ಕಾಚಿಗೂಡದಲ್ಲಿ ಬೇರು ಬಿಟ್ಟವರು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತೆಲುಗು. ಮೊದಲ ದಿನ ನಾನು ಇಬ್ಬರನ್ನೂ ರೂಢಿಯಂತೆ ತೆಲುಗಿನಲ್ಲಿ ಮಾತಾಡಿಸಿದೆ.

“ಈ ಹುಡುಗಿ ನಿಮ್ಮ ಉಗರ ನೋಡಾಕತ್ತಾಳ,” ಎಂದರು ಕಲಬುರ್ಗಿಯ ಕ್ಯಾಪ್ಟನ್, ಮೇಡಂಗೆ ಕನ್ನಡದಲ್ಲಿ.

“ನೋಡ್ಲಿ ಬಿಡ್ರಿ. ನಿಮ್ಮಂಗ ನನ್ನ ಮಾರಿ ನೋಡ್ಕೋತ ಕೆಲಸ ಮರಿಯೂದಿಲ್ಲ ಆಕಿ,” ಎಂದರು ಮೇಡಂ.

ನನಗೆ ಕನ್ನಡ ಬರುತ್ತದೆಂದು ಹೇಳುವ ಗಳಿಗೆ ಅಲ್ಲೇ ಕೈ ತಪ್ಪಿತು. ಆಮೇಲೆ ಹೇಳಲು ನಾಚಿಕೆ. ನಿಜ ಹೇಳಬೇಕೆಂದರೆ ನಾಚಿಕೆಗಿಂತ ಆಸೆಯೇ ಹೆಚ್ಚು. ಇಪ್ಪತ್ಮೂರರ ವಯಸ್ಸಿಗೆ ಕದ್ದು ಕೇಳುವ ಪ್ರೀತಿಯ ರುಚಿ ಹತ್ತಿತ್ತು. ಮಧ್ಯಾಹ್ನ ಮೇಡಂ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿ, ಹರಕು ತೆಲುಗಿನಲ್ಲಿ “ತಿನಮ್ಮಾ, ಸಿಗ್ಗು ಪಡಕು,” ನಾಚಬೇಡ, ಎಂದು ಕೊಡುತ್ತಿದ್ದರು. ಮನೆಯಲ್ಲಿ ದಿನಾ ತಿನ್ನುವ ಹಿಂಡಿಯನ್ನು ನಾನು ಇದೇನೆಂದು ಕೇಳಿ ತಿನ್ನುತ್ತಿದ್ದೆ. ಅಂಥ ಕಳ್ಳಿ ನಾನು.

ಪರೀಕ್ಷೆ ಊರ ಹೊರಗಿನ ಬಂಡೆಗಳ ಬಯಲಿನಲ್ಲಿ. ಟೆಂಟಿನಲ್ಲಿ ಮೇಡಂ ಬಟನ್ ಮುಂದೆ, ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾನು. ಕಲಬುರ್ಗಿಯ ಕ್ಯಾಪ್ಟನ್ ಮುಂದೆ, ಬಂಡೆಯ ಮರೆಯಲ್ಲಿ, ನಮಗೆ ಕಾಣದ ಜಾಗದಲ್ಲಿ. ಸಿಡಿಸುವ ಮುಂಚೆ ಅವರು ಕಂದಕಕ್ಕೆ ಇಳಿಯಬೇಕು. ಅಲ್ಲಿ ವೈರ್‌ಲೆಸ್ ಹಿಡಿಯುತ್ತಿರಲಿಲ್ಲ. ಅದಕ್ಕೇ ಇಳಿಯುವಾಗ ಇಂಗ್ಲಿಷಿನಲ್ಲಿ ‘ಕ್ಲಿಯರ್’ ಎನ್ನಬೇಕೆಂಬ ನಿಯಮ. ಒಮ್ಮೆ ಅವರು ಕನ್ನಡದಲ್ಲಿ “ಹೋಗ್ತೀನಿ” ಎಂದುಬಿಟ್ಟರು. ಮೇಡಂ ಸಿಡುಕಿದರು: “ಬಿಡ್ತು ಅನ್ರಿ ಮೊದಲ! ಬರ್ತೀನಿ ಅನ್ನಾಕ ಏನಾಗೇತಿ ನಿಮಗ?” ಅಂದಿನಿಂದ ಕ್ಲಿಯರ್ ಹೋಗಿ “ಬರ್ತೀನ್ರಿ” ಬಂತು. ನಿಯಮ ಮುರಿದದ್ದನ್ನು ಬರೆದಿಡುವುದು ನನ್ನ ಕೆಲಸ. ನಾನು ಬರೆಯಲಿಲ್ಲ.

ಆ ಬೆಳಿಗ್ಗೆ ಆಮೆ ಸಿಡಿಮದ್ದು ಇಟ್ಟು ತಿರುಗುವಾಗ ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡಿತು.

“ಆಮಿ ಹ್ವಾದ್ರ ಹೋಗ್ಲಿ. ನೀವು ಇಳೀರಿ,” ಎಂದರು ಮೇಡಂ.

“ಎರಡ ವರ್ಷ ಸಾಕೀವಿ, ಹಿಂಗ ಬಿಟ್ಟರ ಹ್ಯಾಂಗ?” ಅವರು ನಕ್ಕರು. “ಬರ್ತೀನ್ರಿ.”

ಮೇಡಂ ಆಮೆಯ ಮಾತನ್ನು ತಮಾಷೆ ಎಂದುಕೊಂಡರು, ಬರ್ತೀನ್ರಿಯನ್ನು ಕ್ಲಿಯರ್ ಎಂದು ಹಿಡಿದರು. ನಿಯಮದಂತೆ ಮೂರು ನಿಮಿಷ ಕಾದರು. ನನಗೆ ಮಾತ್ರ ಅನುಮಾನ ಬಂತು. ಹೊರಟವರು ಯಾವ ಕಡೆ ಹೊರಟರೂ ನಮ್ಮಲ್ಲಿ ಬರ್ತೀನಿ ಎಂದೇ ಅನ್ನುವುದು. ಇವರು ಕಂದಕಕ್ಕೆ ಹೋಗಿಲ್ಲ, ಆಮೆಯ ಹತ್ತಿರ ಹೋದರು ಅನ್ನಿಸಿತು. ಹೇಳಿದರೆ ಇಷ್ಟು ದಿನ ಕೇಳಿಸಿಕೊಂಡದ್ದೆಲ್ಲ ಬಯಲಾಗುತ್ತದೆ. ಹೇಳಲೋ ಬೇಡವೋ ಎನ್ನುವುದರಲ್ಲೇ ಮೂರು ನಿಮಿಷ ಕಳೆದೆ. ಕೊನೆಗೆ ನನ್ನ ಬಾಯಿಂದ “ಬ್ಯಾಡ್ರೀ ಮೇಡಂ!” ಎಂದು ಬಂದದ್ದು ಅಪ್ಪಟ ಕನ್ನಡದಲ್ಲಿ. ಬೆರಳು ಬಟನ್ ಒತ್ತಿಯಾಗಿತ್ತು. ಮೇಡಂ ನನ್ನತ್ತ ತಿರುಗಿದರು. ಆಮೇಲೆ ಎದ್ದು ಹೊಗೆಯ ಕಡೆಗೆ ಓಡಿದರು.

ಕಲಬುರ್ಗಿಯ ಕ್ಯಾಪ್ಟನ್ ಉಳಿಯಲಿಲ್ಲ.

ವಿಚಾರಣೆಯಲ್ಲಿ ಮೇಡಂ ತಪ್ಪೆಲ್ಲ ತಮ್ಮದೇ ಎಂದರು. ಅವರ ಹೇಳಿಕೆಯನ್ನು ಅಧಿಕಾರಿಗಳು ನನಗೆ ಓದಿ ಹೇಳಿದರು. ‘ಟೆಂಟಿನಲ್ಲಿದ್ದ ಹುಡುಗಿಗೆ ಕನ್ನಡ ಬರುವುದಿಲ್ಲ’ ಎಂದಿತ್ತು. ನಿಜವೇ ಎಂದು ಕೇಳಿದರು. ನಿಜವೆಂದು ಸಹಿ ಹಾಕಿದೆ. ನನ್ನ ನೌಕರಿ ಉಳಿಯಿತು, ಮುಂದೆ ಬಡ್ತಿಗಳೂ ಬಂದವು. ಮೇಡಂ ಸೈನ್ಯ ಬಿಟ್ಟರು.

ಹೋದ ತಿಂಗಳು ಮೇಡಂ ತೀರಿಕೊಂಡ ಸುದ್ದಿ ಬಂತು. ಅಂದಿನಿಂದ ಬೇಗಂಪೇಟೆ ಸ್ಟೇಷನ್ನಿನ ಆ ಸಂಜೆ ನನ್ನನ್ನು ಬಿಡುತ್ತಿಲ್ಲ. ವಿಚಾರಣೆ ಮುಗಿದ ವಾರ, ಟ್ರಂಕಿನ ಮೇಲೆ ಕೂತು ಮೇಡಂ ಬೀದರ್ ರೈಲಿಗೆ ಕಾಯುತ್ತಿದ್ದರು. ನನ್ನನ್ನು ಕಂಡು ಹತ್ತಿರ ಕರೆದರು. ಮೊದಲ ಸಲ ನನ್ನ ಜೊತೆ ಕನ್ನಡ ಆಡಿದರು.

“ಅವರು ಆಮಿ ಕಡೆ ಹೊಂಟಾರಂತ ನಿನಗ ತಿಳಿದಿತ್ತೇನವಾ? ಬೈಯೂದಿಲ್ಲ ನಾ. ನನಗೊಬ್ಬಾಕಿಗೇ ತಿಳೀಲಿಲ್ಲೇನಂತ ಕೇಳಾಕತ್ತೀನಿ.”

ರೈಲು ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು. “ಅರ್ಥಂ ಕಾಲೇದು ಮೇಡಂ,” ಎಂದೆ. ಅರ್ಥವಾಗಲಿಲ್ಲ ಎಂದು, ತೆಲುಗಿನಲ್ಲಿ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, ಅದೇ ಹರಕು ತೆಲುಗಿನಲ್ಲಿ “ಪರ್ವಾಲೇದಮ್ಮಾ,” ಪರವಾಗಿಲ್ಲ, ಎಂದು ಹೇಳಿ ರೈಲು ಹತ್ತಿದರು.