ಚೌಕಟ್ಟಿಗೆ ತಲುಪದ ಕ್ಲಿಕ್

ಕೊಳ್ಳೇಗಾಲ, 2004, ಶನಿವಾರ. ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರ.

ಗೆಳೆಯರೇ, ರೇಷ್ಮೆ ಸೀರೆ ವ್ಯಾಪಾರಿಯೊಬ್ಬರಿಗೆ ನಾನು ಬರೆದ ಪ್ರೋಗ್ರಾಂ ಇವತ್ತು ಅವರೆದುರೇ ಕೈಕೊಟ್ಟಿತು. ಒಂದು ಚೌಕಟ್ಟಿನೊಳಗೆ ಸೀರೆಯ ಚಿತ್ರ, ಹೆಸರು. ಎಲ್ಲಿ ಕ್ಲಿಕ್ ಮಾಡಿದರೂ ವಿವರ ತೆರೆಯಬೇಕು. ಖಾಲಿ ಅಂಚಿನಲ್ಲಿ ಮಾತ್ರ ತೆರೆಯುತ್ತಿತ್ತು.

"ಸೀರೆ ಮ್ಯಾಲೆ ಒತ್ತುದ್ರೆ ಸುಮ್ನೆ ಕೂತದಲ್ಲ ಸಾ? ನಂಗಿದು ಬ್ಯಾಡ," ಎಂದು ಅವರು ಎದ್ದರು.

ಲೊಕ್ಕನಹಳ್ಳಿಯಿಂದ ಬರುವ ವಿದ್ಯಾರ್ಥಿನಿ ಮಾದೇವಿ ತಡೆದಳು. "ವಸಿ ಕುಂತ್ಕಳಿ ಅಣ್ಣ. ಸಾ, ಒತ್ತಿದ್ದು ಚಿತ್ರಕ್ಕೇ ನಿಂತೋಯ್ತದ, ಚೌಕಟ್ಟಿಗೆ ಗೊತ್ತಾಗಲ್ಲ. ನಮ್ಮೂರಲ್ಲಿ ಹೊಲ ಕಾಯಕೆ ಅಟ್ಟಣೆ ಮ್ಯಾಲಿರೋರು ಆನೆ ಕಂಡ್ರೆ ಕೂಗಿ ಕೆಳಗಿರೋರ್‌ಗೆ ಹೇಳ್ತಾರೆ. ಚಿತ್ರಾನೂ ಕೂಗ್ಬೇಕು."

ಕ್ಲಿಕ್ಕನ್ನು ಚೌಕಟ್ಟಿಗೆ ದಾಟಿಸುವ ಒಂದೊಂದು ಸಾಲನ್ನು ಚಿತ್ರಕ್ಕೂ ಹೆಸರಿಗೂ ಬರೆದಳು. ವಿವರ ತೆರೆಯಿತು. ಅವಳಿಗೆ ಮೌಸ್ ಹಿಡಿಯಲು ಕಲಿಸಿದವನು ನಾನೇ.

"ಇಲ್ಲಿ ಮೇಷ್ಟ್ರು ಯಾರು ಸಾ?" ಎನ್ನುತ್ತ ವ್ಯಾಪಾರಿ ಮತ್ತೆ ಕೂತರು.

ಸೋಮವಾರ ಈ ಪಾಠವನ್ನು ಮಾದೇವಿಯೇ ಮಾಡಲಿ, ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.