ಎಡಗಡೆ ಹಾವಿಗೆ ಕಣ್ಣಿಲ್ಲ

ಎಲಾದಿಯೋ ಬ್ರಾನ್ಯಾಸ್ ಜೀವಮಾನವೆಲ್ಲ ಕಾರುಗಳಿಗೆ ಬಣ್ಣ ಹೊಡೆದ ಮನುಷ್ಯ. ಅದರಲ್ಲಿ ಒಂದು ಕಾರೂ ಅವನ ನೆನಪಿನಲ್ಲಿಲ್ಲ. ಬರೆದ ಗುರಾಣಿಗಳ ಬಗ್ಗೆ ಕೇಳಿ, ಒಂದೊಂದರ ಜಾತಕ ಹೇಳುತ್ತಾನೆ. ನಮ್ಮ ಲುಗೋ ಊರಿನ ಕೋಟೆಯೊಳಗೆ ಜೂನ್ ತಿಂಗಳಲ್ಲಿ ರೋಮನ್ ಹಬ್ಬ ಆಗುತ್ತದಲ್ಲ, ಅದರಲ್ಲಿ ಕೆಂಪು ಗುರಾಣಿ ಹೊತ್ತು ಬರುವ ಇಪ್ಪತ್ತೆರಡು ಜನರ ಪಡೆ ಇವನು ಕಟ್ಟಿದ್ದು. ಗುರಾಣಿಯ ನಡುವೆ ಅರ್ಧಚಂದ್ರ, ಚಂದ್ರನ ಆಚೀಚೆ ತಲೆಯೆತ್ತಿದ ಎರಡು ಹಾವು. ಬೇರೆ ಪಡೆಗಳವರೆಲ್ಲ ರೆಕ್ಕೆ, ಸಿಡಿಲು ಅಂತ ಒಂದೇ ಚಿತ್ರ ಹೊತ್ತು ಬರುತ್ತಾರೆ. ಹಾವು ಇರುವುದು ಇವರದರಲ್ಲಿ ಮಾತ್ರ.

ಇವರನ್ನು ವೇಷದವರು ಅಂತ ಕರೆದಿರೋ, ಅವತ್ತಿಗೆ ನಿಮ್ಮ ಕಥೆ ಮುಗಿಯಿತು. ಒಂದೊಂದು ಗುರಾಣಿಗೂ ಎಲಾದಿಯೋ ತೆಳ್ಳಗಿನ ಮರದ ಪಟ್ಟಿಗಳನ್ನು ಮೂರು ಪದರವಾಗಿ ಅಡ್ಡಡ್ಡ ಜೋಡಿಸಿ, ಚರ್ಮ ಕುದಿಸಿ ತೆಗೆದ ಅಂಟಿನಿಂದ ಅಂಟಿಸಿ, ಮೇಲೆ ಆಡಿನ ಚರ್ಮ ಎಳೆದು ಹೊಲಿಯುತ್ತಿದ್ದ. ಆ ಅಂಟಿನ ನಾತಕ್ಕೆ ಹೆಂಡತಿ ಎರ್ಮಿತಾಸ್ ಅವನನ್ನು ಪಾತ್ರೆ ಸಮೇತ ಹಿತ್ತಲಿಗೆ ಅಟ್ಟಿದ್ದಳು. ಮೈಮೇಲಿನ ಪ್ರತಿಯೊಂದಕ್ಕೂ ಒಂದು ಆಧಾರದ ಹಾಳೆ ಇರಬೇಕು ಅನ್ನುವ ಕಾನೂನನ್ನು ತೊಂಬತ್ತೆಂಟರಲ್ಲಿ ಹಬ್ಬದ ಮಂಡಳಿಯಿಂದ ಮಾಡಿಸಿದವನೂ ಇವನೇ. ಕಲ್ಲಲ್ಲಿ ಕೆತ್ತಿದ್ದಾರಾ, ಮಣ್ಣಲ್ಲಿ ಸಿಕ್ಕಿದೆಯಾ, ಯಾರಾದರೂ ಬರೆದಿಟ್ಟಿದ್ದಾರಾ? ಇಲ್ಲವಾ, ಹಾಗಾದರೆ ನೀನು ಕೋಟೆಯ ಹೊರಗೆ. ಕನ್ನಡಕ ಹಾಕಿಕೊಂಡು ಬಂದ ಸ್ವಂತ ಭಾಮೈದನನ್ನೇ ಬಾಗಿಲಲ್ಲಿ ತಡೆದು ವಾಪಸ್ಸು ಕಳಿಸಿದ್ದ. ಎರ್ಮಿತಾಸ್ ಇಪ್ಪತ್ತು ವರ್ಷವಾದರೂ ಅದನ್ನು ಎತ್ತಿ ಆಡುತ್ತಾಳೆ.

ಹಾವುಗಳ ಹಾಳೆಯಲ್ಲಿ ಇದ್ದದ್ದು ಇಷ್ಟು: ಸಾನ್ ಮಾಮೆದೆ ಹಳ್ಳಿಯ ಕಣದ ಗೋಡೆಯಲ್ಲಿ ಸಿಪಾಯಿಯೊಬ್ಬನ ಗೋರಿಕಲ್ಲಿನ ಚೂರಿದೆ, ಅದರ ಮೇಲಿನ ಗುರಾಣಿಯಲ್ಲಿ ಚಂದ್ರ ಮತ್ತು ಎರಡು ಹಾವುಗಳನ್ನು ನಾನು ತೊಂಬತ್ತೊಂದರಲ್ಲಿ ಕಣ್ಣಾರೆ ಕಂಡಿದ್ದೇನೆ. ಕೆಳಗೆ ಅವನ ಸಹಿ.

ಮೊನ್ನೆ ಮೇ ತಿಂಗಳಲ್ಲಿ ಮಂಡಳಿಯಿಂದ ಕಾಗದ ಬಂತು. ಒಬ್ಬನೇ ಕಂಡದ್ದು ಇನ್ನು ಸಾಲದು, ಎರಡನೇ ಸಾಕ್ಷಿ ಬೇಕು, ಜೂನ್ ಐದರೊಳಗೆ ತರದಿದ್ದರೆ ಆ ಚಿತ್ರ ಮೆರವಣಿಗೆಯಲ್ಲಿ ಬರುವಂತಿಲ್ಲ. ಸಹಿ ಮಾಡಿದವಳು ಮಂಡಳಿಯ ಅಧ್ಯಕ್ಷೆ ಉಶಿಯಾ ಲೌಸಾವ್. ಶಾಲೆ ಮಕ್ಕಳ ಜೊತೆ ಬಂದು ಇವನ ಗುರಾಣಿ ಎತ್ತಲಾಗದೆ ಅತ್ತಿದ್ದ ಹುಡುಗಿ, ಈಗ ಪ್ರಾಚ್ಯವಸ್ತು ಓದಿ ದೊಡ್ಡವಳಾಗಿದ್ದಾಳೆ.

ಎಲಾದಿಯೋಗೆ ಮೊದಲು ನಗು ಬಂತು. ಕಲ್ಲೇ ಇದೆಯಲ್ಲ, ಫೋಟೋ ತೆಗೆದು ಕೊಟ್ಟರಾಯಿತು. ಮಾರನೇ ಬೆಳಿಗ್ಗೆ ಸಾನ್ ಮಾಮೆದೆಗೆ ಹೋದ. ಗೋಡೆ ಇರಲಿಲ್ಲ. ಕಣವೂ ಇರಲಿಲ್ಲ. ಕಣದ ಒಡತಿ ಮುದುಕಿ ಸತ್ತ ಮೇಲೆ ಗೋಡೆ ಕೆಡವಿ, ಕಲ್ಲನ್ನೆಲ್ಲ ಎರಡು ಸಾವಿರದ ನಾಲ್ಕರಲ್ಲಿ ರಸ್ತೆಯ ತಳಕ್ಕೆ ಹಾಕಿದೆವು ಅಂತ ಪಕ್ಕದ ತೋಟದವನು ಹೇಳಿದ. ಎಲಾದಿಯೋ ಆ ಡಾಂಬರಿನ ಮೇಲೆ ನಿಂತ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು ಹೊಡೆದು ಕೊನೆಗೆ ಇಳಿದು ಬಂದು ಕೈಹಿಡಿದು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಅವನ ಗ್ರಹಚಾರ. ಕಲ್ಲು ಕಂಡ ದಿನದ ಟಿಪ್ಪಣಿ ಪುಸ್ತಕ ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ ಕೊಳೆತು ಹೋಗಿತ್ತು. ಪಾದ್ರಿಯನ್ನು ಕೇಳಿದ, ಹಳ್ಳಿಯ ಮುದುಕರನ್ನೆಲ್ಲ ಕೇಳಿದ. ಒಬ್ಬ ಕುದುರೆ ಇತ್ತು ಅಂದ, ಇನ್ನೊಬ್ಬ ಮೇರಿ ಮಾತೆ ಇದ್ದಳು ಅಂದ. ಲಿಸ್ಬನ್ನು, ಲಿಯೋನ್, ಜರ್ಮನಿ ಅಂತ ಸಿಕ್ಕ ಸಿಕ್ಕ ಮ್ಯೂಸಿಯಮ್ಮಿಗೆಲ್ಲ ಪತ್ರ ಬರೆದ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಊಟ ಬಿಟ್ಟ, ಗಡ್ಡ ಬಿಟ್ಟ. ಬೇರೆಯವರನ್ನು ಬಾಗಿಲಲ್ಲಿ ತಡೆದು ತಡೆದು ಬೆಳೆದ ಮನುಷ್ಯನಿಗೆ, ನಾಳೆ ತನ್ನನ್ನೇ ತಡೆಯುತ್ತಾರೆ, ಮೂವತ್ತು ವರ್ಷ ಹೇಳಿದ್ದೆಲ್ಲ ಬುರುಡೆ ಅನ್ನುತ್ತಾರೆ ಅನ್ನುವುದು ಎದೆಯೊಳಗೆ ಕೂತು ಹಿಂಡುತ್ತಿತ್ತು.

ಪಡೆಯಲ್ಲಿ ಎರಡನೆಯವನು ಶುರ್ಶೋ, ಬೇಕರಿಯವನು. ಎಲ್ಲರ ಹಾಗೆ ನಾವೂ ರೆಕ್ಕೆ ಸಿಡಿಲು ಬರೆದುಕೊಂಡರಾಯಿತಪ್ಪ ಅಂತ ಒಂದು ಮಾತು ಅಂದ. ಎಲಾದಿಯೋ ಒಂದು ವಾರ ಅವನ ಅಂಗಡಿಯ ರೊಟ್ಟಿ ಮನೆಗೆ ತರಲಿಲ್ಲ. ಎರ್ಮಿತಾಸ್ ತಟ್ಟೆ ಮುಂದಿಟ್ಟು ಬೈದಳು.

"ಹೆಂಡ್ತಿ ಸತ್ತೋರೂ ಹಿಂಗೆ ಕೂರಲ್ಲ ಕಣಯ್ಯಾ. ನಾ ಸತ್ರೆ ಇದ್ರಲ್ಲಿ ಅರ್ಧ ಆದ್ರೂ ಅಳ್ತೀಯಾ ನೀನು?"

ಗಡುವಿಗೆ ಮೂರು ದಿನ ಇರುವಾಗ ಜರ್ಮನಿಯ ಒಂದು ಗ್ರಂಥಾಲಯದ ಪುಣ್ಯಾತ್ಮನೊಬ್ಬ ಪುಸ್ತಕದ ಒಂದು ಪುಟ ಕಳಿಸಿದ. ತೊಂಬತ್ತೊಂಬತ್ತರಲ್ಲಿ ಅಚ್ಚಾದ ಪುಸ್ತಕ, ಬರೆದ ಪ್ರೊಫೆಸರ್ ತೀರಿಕೊಂಡು ಬಹಳ ವರ್ಷವಾಗಿದೆ. ಪುಟದ ನಡುವೆ ಅಚ್ಚುಕಟ್ಟಾಗಿ ಚಂದ್ರ, ಎರಡು ಹಾವು. ಕೆಳಗೆ ಬರೆದಿತ್ತು: ಸಾನ್ ಮಾಮೆದೆಯ ಕಲ್ಲಿನಿಂದ ತೆಗೆದ ಚಿತ್ರ. ಎಲಾದಿಯೋ ಅಡುಗೆಮನೆಯಲ್ಲಿ ನಿಂತು ಗೊಳೋ ಅಂತ ಅತ್ತುಬಿಟ್ಟ. ಶುರ್ಶೋ ಆ ಪುಟವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಹೋಗಿ ನಕಲು ಮಾಡಿಸಿ ಅವತ್ತೇ ಮಂಡಳಿಗೆ ಕೊಟ್ಟುಬಂದ. ಸಂಜೆ ಇಪ್ಪತ್ತೆರಡು ಜನವೂ ಹಿತ್ತಲಿನಲ್ಲಿ ಸೇರಿ ಆಕ್ಟೋಪಸ್ ಬೇಯಿಸಿ ತಿಂದರು, ಕುಡಿದರು, ಎಲಾದಿಯೋನನ್ನು ಗುರಾಣಿಯ ಮೇಲೆ ಕೂರಿಸಿ ಎತ್ತಿದರು.

ಮಾರನೇ ದಿನ ಊಟವಾದ ಮೇಲೆ ಆ ಪುಟವನ್ನು ಇನ್ನೊಮ್ಮೆ ಕಣ್ತುಂಬ ನೋಡೋಣ ಅಂತ ಭೂತಗನ್ನಡಿ ಹಿಡಿದು ಕೂತ. ಎಡಗಡೆ ಹಾವಿಗೆ ಕಣ್ಣಿರಲಿಲ್ಲ. ಬಲಗಡೆಯದಕ್ಕೆ ದುಂಡಗೆ ಚುಕ್ಕಿ ಇದೆ, ಎಡದ್ದಕ್ಕೆ ಇಲ್ಲ. ಪ್ರೊಫೆಸರ್ ಅದರ ಮೇಲೆಯೇ ಅರ್ಧ ಪುಟ ಬರೆದಿದ್ದಾನೆ, ಕುರುಡು ಹಾವು ಅಂದರೆ ಕ್ಷೀಣಿಸುವ ಚಂದ್ರನ ಪಕ್ಷವಂತೆ, ಸಾವಂತೆ.

ಆ ಹಾವಿಗೆ ಕಣ್ಣು ಯಾಕಿಲ್ಲ ಅಂತ ಎಲಾದಿಯೋಗೆ ಗೊತ್ತು. ಮೊಟ್ಟಮೊದಲ ಗುರಾಣಿಗೆ ಬಣ್ಣ ಹಾಕುತ್ತಿದ್ದಾಗ, ಎಡ ಹಾವಿನ ಕಣ್ಣಿಗೆ ಕುಂಚ ಅದ್ದುವ ಹೊತ್ತಿಗೆ, ಒಳಗೆ ಎರ್ಮಿತಾಸ್‌ಗೆ ಹೆರಿಗೆ ನೋವು ಶುರುವಾಯಿತು. ಕುಂಚ ಎಸೆದು ಓಡಿದ. ಮಗಳು ಹುಟ್ಟಿದಳು, ಕಣ್ಣು ಮರೆತೇ ಹೋಯಿತು. ಆಮೇಲಿನ ಗುರಾಣಿಗಳಿಗೆಲ್ಲ ಎರಡೂ ಕಣ್ಣು ಬರೆದ. ಆ ಮೊದಲನೆಯದಕ್ಕೆ ಹುಳ ಹಿಡಿದಾಗ ಸಾನ್ ಶೋವಾನ್ ಹಬ್ಬದ ಬೆಂಕಿಗೆ ಹಾಕಿದ್ದ. ಆದರೆ ಅದಕ್ಕೂ ಮುಂಚೆ, ತೊಂಬತ್ತಮೂರರಲ್ಲಿ, ಒಬ್ಬ ಫ್ರೆಂಚಿನವನು ಬಂದು ಅದರ ಫೋಟೋ ತೆಗೆದು, ಸಾನ್ ಮಾಮೆದೆಯ ಕಲ್ಲು ನೋಡಿ ಬರೆದದ್ದು ಅಂತ ಪತ್ರಿಕೆಯಲ್ಲಿ ಹಾಕಿದ್ದ. ಪೆಟ್ಟಿಗೆ ತಡಕಾಡಿ ಆ ಪತ್ರಿಕೆ ತೆಗೆದ. ಹೌದು. ಅದೇ ಚಿತ್ರ, ಅದೇ ಕುರುಡು ಹಾವು. ಪ್ರೊಫೆಸರ್ ಕಲ್ಲನ್ನು ಕಂಡೇ ಇರಲಿಲ್ಲ, ಫೋಟೋ ನೋಡಿ ಗೀಚಿ, ಕಲ್ಲು ಕಂಡೆ ಅಂತ ಬರೆದಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಎಲಾದಿಯೋ ಜರ್ಮನಿಯವರೆಗೆ ಹುಡುಕಿ ತಂದದ್ದು ತನ್ನ ಹಿತ್ತಲಿನ ಗುರಾಣಿಯನ್ನೇ.

ಆದರೂ ಕಲ್ಲಿನಲ್ಲಿ ಹಾವು ಇದ್ದವಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಹೊರಟ. ಅಲ್ಲೇ ನೆಲ ಕುಸಿಯಿತು. ಮೂವತ್ತು ವರ್ಷ ಹಾವು ಹಾವು ಅಂತ ಹೇಳಿ ಹೇಳಿ ಅವನು ಕಲ್ಲನ್ನೇ ಮರೆತುಬಿಟ್ಟಿದ್ದ. ಈಗ ಕಣ್ಣು ಮುಚ್ಚಿದರೆ ಕಾಣುವುದು ಕಲ್ಲಿನ ಮೇಲಿನ ಗುರಾಣಿಯ ಬಲ ಅರ್ಧ ಮಾತ್ರ, ಅದರ ಮೇಲೆ ಅರ್ಧ ಮುರಿದ ಚಂದ್ರ, ಕೆಳಗೆ ಅಂಚಿಗೆ ಹೋಗಿ ತುಂಡಾದ ಒಂದು ಗೆರೆ. ಒಂದೇ ಒಂದು ಗೆರೆ. ಹೆಂಡತಿಯನ್ನು ಕೇಳಿದ. ಅವಳು ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಆ ಗೆರೆನ ಏನ್ಮಾಡ್ಲಿ ಅಂತ ನನ್ನೇ ಕೇಳಿದ್ದಲ್ಲ ನೀನು. ನಾನು ಮೀನು ಬರಿ ಅಂದೆ. ನೀನು ಹಾವೇ ಚೆನ್ನಾಗಿರತ್ತೆ ಅಂದೆ."

ಎಲಾದಿಯೋ ಶುರ್ಶೋನ ಬೇಕರಿಗೆ ಹೋಗಿ ಎಲ್ಲ ಹೇಳಿದ. ಶುರ್ಶೋ ಕೈಯ ಹಿಟ್ಟು ಒರೆಸಿಕೊಂಡು ಬಾಗಿಲು ಹಾಕಿದ.

"ಕಲ್ಲು ಹೋಯ್ತು, ಆ ಪ್ರೊಫೆಸ್ರೂ ಹೋದ. ಬಾಯಿ ಉಳಿದಿರೋದು ನಿಂದೊಂದೇ ಮಾರಾಯ. ಅದನ್ನ ಮುಚ್ಕೊಂಡಿರು, ನಿನ್ ಕಾಲಿಗೆ ಬೀಳ್ತೀನಿ."

ಮುಚ್ಚಿಕೊಂಡಿರಲು ಅವನಿಂದ ಆಗಲಿಲ್ಲ. ದೊಡ್ಡ ಗುಣ ಅಂತ ಹೊಗಳಬೇಡಿ, ಅದು ಸಂಕಟ. ಭಾಮೈದನ ಮುಖ, ಬಾಗಿಲಲ್ಲಿ ತಡೆದ ಎಷ್ಟೋ ಜನರ ಮುಖ ಕಣ್ಣ ಮುಂದೆ ಬಂದು ಅನ್ನ ಇಳಿಯಲಿಲ್ಲ. ಪತ್ರಿಕೆ ಬಗಲಲ್ಲಿ ಇಟ್ಟುಕೊಂಡು ಮಂಡಳಿಯ ಕೋಣೆಗೆ ಹೋಗಿ, ಉಶಿಯಾ ಮತ್ತು ಇನ್ನಿಬ್ಬರ ಮುಂದೆ ಒಂದನ್ನೂ ಬಿಡದೆ ಹೇಳಿದ. ಹಾವು ನಾನು ಕಟ್ಟಿದ್ದು, ನಮ್ಮ ಚಿತ್ರ ತೆಗೆದುಹಾಕಿ, ನಮ್ಮನ್ನು ಹೊರಗೆ ಹಾಕಿ ಅಂದ.

ಉಶಿಯಾ ಪತ್ರಿಕೆಯನ್ನು ಪ್ರೊಫೆಸರರ ಪುಟದ ಪಕ್ಕ ಇಟ್ಟು ನೋಡಿದಳು. ಇದು ನಿಮ್ಮ ಗುರಾಣಿ ಸರಿ, ಆದರೆ ನೀವೂ ಕಲ್ಲು ನೋಡಿ ಬರೆದವರು, ಪ್ರೊಫೆಸರೂ ಕಲ್ಲು ನೋಡಿ ಬರೆದವರು, ಇಬ್ಬರದ್ದರಲ್ಲೂ ಎಡ ಹಾವಿಗೆ ಕಣ್ಣಿಲ್ಲ ಅಂದರೆ ಕಲ್ಲಿನಲ್ಲೂ ಇರಲಿಲ್ಲ ಅಂತ ಅಲ್ಲವಾ ಅಂದಳು. ಕಲ್ಲಿನಲ್ಲಿ ಹಾವೇ ಇರಲಿಲ್ಲ ತಾಯಿ ಅಂತ ಅವನು ಮೇಜು ಗುದ್ದಿದ. ಅದಕ್ಕೆ ಏನು ಆಧಾರ ಅಂತ ಪಕ್ಕದವನು ಕೇಳಿದ. ಉಶಿಯಾ ಕಡತದಿಂದ ತೊಂಬತ್ತೆಂಟರ ಹಾಳೆ ತೆಗೆದು, ಅವನ ಸಹಿಯನ್ನು ಅವನ ಕಡೆಗೆ ತಿರುಗಿಸಿ ಇಟ್ಟಳು.

"ಇದನ್ನ ಬರೆದಾಗ ನೀವು ಕಲ್ಲು ನೋಡಿ ಏಳೇ ವರ್ಷ ಆಗಿತ್ತು, ಮಾಮ. ಈಗ ಮೂವತ್ತೆರಡು ವರ್ಷ. ಯಾವ ಎಲಾದಿಯೋನ ನಂಬ್ಲಿ ನಾನು?"

ಅವಳ ದನಿಯಲ್ಲಿ ಒಂದಿಷ್ಟೂ ವ್ಯಂಗ್ಯ ಇರಲಿಲ್ಲ, ಮರುಕ ಇತ್ತು. ವಯಸ್ಸಾಯಿತು, ನೆನಪು ಕಲಸಿಹೋಗುತ್ತದೆ, ಮೂರು ವಾರದಿಂದ ನಿದ್ದೆ ಇಲ್ಲವಂತೆ ಅಂತ ಸಮಾಧಾನ ಹೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರೆ. ಇಲ್ಲಿ ಒದೆಯಲೂ ಇಲ್ಲ, ಕಾಫಿ ಕೊಟ್ಟು ಕಳಿಸಿದರು. ಒದ್ದಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಹಬ್ಬದ ಹಿಂದಿನ ದಿನ ಎಲಾದಿಯೋ ತನ್ನ ಗುರಾಣಿಯನ್ನು ಹಿತ್ತಲಿಗೆ ತಂದು ಬಣ್ಣ ಕೆರೆಯಲು ಕೂತ. ಎಡಗಡೆ ಚರ್ಮ ಕಾಣುವವರೆಗೆ ಕೆರೆದ. ಬಲಗಡೆ ಅರ್ಧಚಂದ್ರನ ಅರ್ಧ, ತುಂಡಾದ ಆ ಗೆರೆ, ಅಷ್ಟನ್ನು ಉಳಿಸಿಕೊಂಡ. ಎರ್ಮಿತಾಸ್ ಬೈಯಲು ಬಂದವಳು ಅವನ ಮುಖ ನೋಡಿ ಒಳಗೆ ಹೋದಳು.

ಮಾರನೇ ದಿನ ಕೋಟೆಯ ಸಾಂತಿಯಾಗೋ ಬಾಗಿಲಲ್ಲಿ ಪಡೆ ಸಾಲಾಗಿ ನಿಂತಿತು. ಪಟ್ಟಿ ಹಿಡಿದ ಹೆಂಗಸು ಒಬ್ಬೊಬ್ಬರನ್ನೇ ನೋಡಿ ಒಳಗೆ ಬಿಟ್ಟಳು. ಎಲಾದಿಯೋನ ಗುರಾಣಿಯನ್ನು ಹಾಳೆಯ ಚಿತ್ರಕ್ಕೆ ಹಿಡಿದು ನೋಡಿದಳು, ಮತ್ತೊಮ್ಮೆ ನೋಡಿದಳು. ಇದಕ್ಕೆ ಆಧಾರ ಇಲ್ಲ, ಕ್ಷಮಿಸಿ, ಬಿಡಲು ಬರುವುದಿಲ್ಲ ಅಂದಳು. ಶುರ್ಶೋ ಓಡಿ ಹೋಗಿ ಗಾಡಿಯಲ್ಲಿದ್ದ ಇನ್ನೊಂದು ಗುರಾಣಿ ತಂದು ಮುಂದೆ ಹಿಡಿದ. ಹೊಸದು, ಹಾವೆರಡೂ ಫಳಫಳ ಹೊಳೆಯುತ್ತಿದ್ದವು. ಎಲಾದಿಯೋ ಅದನ್ನು ಮುಟ್ಟಲಿಲ್ಲ. ಇಪ್ಪತ್ತೊಂದು ಜನ ಒಳಗೆ ಹೋದರು, ಶುರ್ಶೋ ಎರಡು ಸಲ ತಿರುಗಿ ನೋಡಿದ. ಕಟ್ಟಿದವನು ಇಲ್ಲದೆ ಪಡೆ ಕೋಟೆಯೊಳಗೆ ಹೋದದ್ದು ಅದೇ ಮೊದಲು. ಎಲಾದಿಯೋ ಗೋಡೆಗೆ ಒರಗಿ ಮಗುವಿನ ಹಾಗೆ ಅಳುತ್ತಿದ್ದ, ಯಾರು ನೋಡಿದರೂ ಕಣ್ಣು ಒರೆಸಿಕೊಳ್ಳಲಿಲ್ಲ.

ಹಿಂದೆಯೇ ಪೋರ್ಚುಗಲ್‌ನಿಂದ ಬಂದ ಹೊಸ ಪಡೆ ಬಂತು. ನಲವತ್ತು ಗುರಾಣಿ. ನಲವತ್ತರ ಮೇಲೂ ಚಂದ್ರ, ಎರಡು ಹಾವು, ಜರ್ಮನ್ ಪುಸ್ತಕದಲ್ಲಿ ಇದ್ದ ಹಾಗೆಯೇ ಎಡದ್ದಕ್ಕೆ ಕಣ್ಣಿಲ್ಲ. ಅವರ ಹಾಳೆ ಸರಿಯಾಗಿತ್ತು, ಹೆಂಗಸು ಸರಸರ ಒಳಗೆ ಬಿಟ್ಟಳು. ಕೊನೆಯ ಸಾಲಿನವನೊಬ್ಬ ಎಲಾದಿಯೋನ ಗುರಾಣಿ ಕಂಡು ನಿಂತ.

"ಏನ್ ತಾತ, ನಿಮ್ದು ಪೂರ್ತಿ ಬರ್ದೇ ಇಲ್ವಲ್ಲ?"

"ಇದ್ದದ್ದು ಇಷ್ಟೇ ಕಣಪ್ಪ," ಅಂದ ಎಲಾದಿಯೋ.

ಆ ಮನುಷ್ಯ ಒಳ್ಳೆಯವನೇ ಇರಬೇಕು. ಬಗ್ಗಿ ತನ್ನ ಗುರಾಣಿಯನ್ನು ಅವನ ಮುಂದಿಟ್ಟು, ಎಡಗಡೆ ಹೇಗಿರಬೇಕು ಅಂತ ಬೆರಳಿಟ್ಟು ತೋರಿಸಿಕೊಟ್ಟು ಹೋದ.